ತೊಟ್ಟಿಲ ಕಾಲಿನ ಹುಳ

ಬಡಗಿ ತನ್ನ ತಂಗಿಯ ಮೊಮ್ಮಗುವಿಗೆಂದು ಮಾಡಿಟ್ಟಿದ್ದ ತೊಟ್ಟಿಲಿನ ಒಂದು ಕಾಲಿನ ಬುಡದಲ್ಲಿ ಹಿಟ್ಟಿನಂಥ ಪುಡಿ ಉದುರಿತ್ತು. ಕಿವಿ ಹಚ್ಚಿದರೆ ಮರದೊಳಗೆ ಕರಕರ ಸದ್ದು.

“ಅಣ್ಣಾ, ಸಂಜೆ ಆಸ್ಪತ್ರೆಯಿಂದ ಮಗು ಬರುತ್ತೆ. ಬೇಗ ಕೊಡು,” ಎಂದಳು ತಂಗಿ.

“ಸುಮ್ನಿರೇ! ಇದರಲ್ಲಿ ಆಗಲೇ ಯಾರೋ ಬಿಡಾರ ಹೂಡಿದಾರೆ.”

ಬಡಗಿ ಸಿಟ್ಟಿನಿಂದ ಉಳಿ ಇಟ್ಟು ಕಾಲನ್ನು ಸೀಳಿದ. ಮರ ಕೊರೆಯುವ ದುಂಬಿಯ ಮರಿಹುಳ ಹೊರಬಿತ್ತು. ಬೆಳ್ಳಗೆ ಕೊಬ್ಬಿದ ಮೈಗೆ ಕಾಲಿಲ್ಲ, ಕಣ್ಣಿಲ್ಲ, ಗಟ್ಟಿ ಬಾಯಿ ಮಾತ್ರ.

“ರೆಕ್ಕೆ ಬರೋವರೆಗೂ ತಿನ್ನೋದೊಂದೇ ಇದರ ಕೆಲಸ.”

“ನಮ್ಮ ಪಾಪುದೂ ಅದೇ ಕೆಲಸ ಬಿಡು,” ಎಂದು ತಂಗಿ ನಕ್ಕಳು.

ಬಡಗಿಗೆ ನಗು ಬರಲಿಲ್ಲ. ಉಳಿದ ಮೂರು ಕಾಲಿಗೂ ಮತ್ತೆ ಮತ್ತೆ ಕಿವಿ ಹಚ್ಚಿದ.

“ಸದ್ದಿಲ್ವಲ್ಲ, ಅದೊಂದು ಕಾಲು ಬದಲಾಯಿಸಿ ಕೊಡು.”

“ಸದ್ದಿಲ್ಲ ಅಂದ್ರೆ ಹುಳ ಇಲ್ಲ ಅಂತಲ್ಲ. ಮಗು ಇವತ್ತು ನಿನ್ನ ಮಡಿಲಲ್ಲೇ ಮಲಗ್ಲಿ!” ಎಂದು ಗದರಿ, ಎರಡನೇ ಕಾಲಿಗೆ ಉಳಿ ಇಟ್ಟ.