ರಕ್ತಕ್ಕೆ ಬದಲಾಗಿ ಹೆಣ್ಣು

ಇರಾಕಿನ ನಾಸಿರಿಯಾ ಪಟ್ಟಣದ ದಕ್ಷಿಣಕ್ಕಿರುವ ನಮ್ಮ ಜವುಗುನಾಡಿನಲ್ಲಿ ಹೆಂಗಸರಿಗೆ ಬೆಳಗಾಗುವುದೇ ಎಮ್ಮೆಯ ಹಾಲು ಕಾಯಿಸಿ ಕೆನೆ ತೆಗೆಯುವುದರೊಂದಿಗೆ. ಹೌರಾ ಆ ಕೆಲಸ ಮುಗಿಸಿ, ಕೈಯಲ್ಲಿನ್ನೂ ಹಾಲಿನ ವಾಸನೆ ಇರುವಾಗಲೇ ನನ್ನ ತರಗತಿಗೆ ಬರುತ್ತಿದ್ದಳು. ಹದಿನೇಳರ ಹುಡುಗಿ, ಮಾತು ಕಡಿಮೆ, ಓದು ಜಾಸ್ತಿ. ಅವಳ ಅಣ್ಣ ಸಫಾ ಕಾಲುವೆ ನೀರಿನ ಜಗಳದಲ್ಲಿ ಪಕ್ಕದ ಕುಲದ ಯುವಕನೊಬ್ಬನನ್ನು ಗುಂಡಿಕ್ಕಿ ಕೊಂದು ಜೊಂಡಿನ ಕಾಡಿನಲ್ಲಿ ತಲೆಮರೆಸಿಕೊಂಡ.

ಎರಡೂ ಕುಲದ ಹಿರಿಯರು ಕೂತು, ಕಹಿ ಕಾಫಿ ಕುಡಿದು, ರಾಜಿ ಮಾಡಿದರು. ಸತ್ತವನ ತಮ್ಮನಿಗೆ ಹೌರಾಳನ್ನು ಕೊಡುವುದು ಎಂದಾಯಿತು. ಹೀಗೆ ಕೊಟ್ಟ ಹೆಣ್ಣನ್ನು ನಮ್ಮಲ್ಲಿ ಫಸ್ಲಿಯಾ ಎನ್ನುತ್ತಾರೆ. ಅವಳಿಗೆ ಮದುವೆಯ ಹಾಡಿಲ್ಲ, ತವರಿನ ಹಾದಿಯಿಲ್ಲ.

ಸುದ್ದಿ ತಿಳಿದೊಡನೆ ನಾನು ಪಟ್ಟಣದಿಂದ ವಕೀಲೆ ಇಂತಿಸಾರ್ ಅವರನ್ನು ಕರೆತಂದೆ. ಹುಡುಗಿಯ ದೊಡ್ಡಪ್ಪ ಹಾಜಿ ಮಿಜ್‌ಹಿರ್ ಬಾಗಿಲಲ್ಲೇ ತಡೆದರು.

“ವಕೀಲಮ್ಮಾ, ಚಹಾ ಕುಡ್ಕೊಂಡು ಹೊರಡಿ. ಒಂದು ಹುಡುಗಿ ಹೋದ್ರೆ ಹತ್ತು ಗಂಡಸರ ಜೀವ ಉಳಿಯುತ್ತೆ.”

“ಕೊಂದಿದ್ದು ಸಫಾ. ಹೌರಾ ಯಾರನ್ನ ಕೊಂದಳು, ಹಾಜಿ?”

“ಅವಳು ಈ ಕುಲದ ಮಗಳು. ನಮ್ಮ ಭಾರ ಅವಳೂ ಹೊರಬೇಕು.”

“ಒಪ್ಪಿಗೆ ಇಲ್ದೆ ಮದುವೆ ಮಾಡಿಸೋದು ಇರಾಕಿನ ಕಾನೂನಲ್ಲಿ ಅಪರಾಧ. ಮನುಷ್ಯರ ಹಕ್ಕಿಗೆ ಅಡ್ಡ ಬರೋ ಕಟ್ಟಳೆ ನಡೆಯಲ್ಲ ಅಂತ ಸಂವಿಧಾನ ಹೇಳುತ್ತೆ. ಹೆಣ್ಣಿಗೆ ಇಂಥ ಅನ್ಯಾಯ ಆಗೋಕೆ ಬಿಡಲ್ಲ ಅಂತ ಲೋಕದ ದೇಶಗಳ ಮುಂದೆ ನಮ್ಮ ಸರ್ಕಾರ ಸಹಿ ಹಾಕಿದೆ.”

“ಸಹಿ ಹಾಕಿದೋರು ನಾಳೆ ಬಂದು ನಮ್ಮ ಹೆಣ ಹೊರ್ತಾರಾ?” ಹಾಜಿ ನಕ್ಕರು.

ಒಳಗಿನಿಂದ ಅವರ ತಾಯಿ ನಷ್ಮಿಯಾ ಗೋಡೆ ಹಿಡಿದುಕೊಂಡು ಬಂದರು.

“ನಾನೂ ಫಸ್ಲಿಯಾನೇ ಕಣೋ. ನಮ್ಮಪ್ಪ ಸತ್ತಾಗ ಮುಖ ನೋಡೋಕೂ ನಿಮ್ಮಪ್ಪ ಬಿಡಲಿಲ್ಲ. ನೀನು ಹುಟ್ಟಿದ ದಿನ ನಿಮ್ಮಜ್ಜಿ ಅಂಗಳದಲ್ಲಿ ನಿಂತು, ಫಸ್ಲಿಯಾಗೆ ಗಂಡು ಆಯ್ತು ಅಂದ್ಲು. ನನಗೊಂದು ಹೆಸರಿದೆ ಅನ್ನೋದು ಆ ಮನೇಲಿ ಯಾರಿಗೂ ನೆನಪಿರಲಿಲ್ಲ.”

“ಅಮ್ಮಾ, ಅದು ಆಗಿನ ಕಾಲ.”

“ಆಗಿನ ಕಾಲನ ಇವತ್ತು ಯಾಕೆ ಹೊತ್ಕೊಂಡು ಬರ್ತೀಯ?”

ಹಾಜಿ ಬಾಗಿಲಿನಿಂದ ಸರಿದರು.

ಅಜ್ಜಿ ಮೊಮ್ಮಗಳ ಜೊತೆ ನ್ಯಾಯಾಲಯಕ್ಕೆ ಬಂದರು. ಹಿರಿಯರೂ ಬಂದು ಹಿಂದೆ ನಿಂತರು. ನ್ಯಾಯಾಧೀಶರು ಒಪ್ಪಿಗೆಯಿದೆಯೇ ಎಂದು ಕೇಳಿದಾಗ ಹೌರಾ ತಿರುಗಿ ನೋಡಲಿಲ್ಲ.

“ಇಲ್ಲ. ಅಣ್ಣ ಅಂದ್ರೆ ನನಗೆ ಪ್ರಾಣ. ಆದ್ರೂ ಅವನು ಮಾಡಿದ್ದಕ್ಕೆ ಅವನೇ ಉತ್ತರ ಕೊಡಲಿ.”

ನ್ಯಾಯಾಧೀಶರು ಮದುವೆಯನ್ನು ತಡೆದು, ಬಲವಂತ ಮಾಡಿದವರಿಗೆ ಸೆರೆಮನೆ ಎಂದು ಎಚ್ಚರಿಸಿದರು. ತಂಗಿ ಆಡಿದ ಮಾತನ್ನು ಅಜ್ಜಿ ಜೊಂಡಿನ ಕಾಡಿಗೂ ಮುಟ್ಟಿಸಿದರು. ಸಫಾ ಪೊಲೀಸರಿಗೆ ಶರಣಾದ.

ಓದುಗರೇ, ಇದಾದ ಮೇಲೆ ಊರಿಗೆ ಊರೇ ಹೊತ್ತಿ ಉರಿಯುತ್ತದೆ ಎಂದವರಿದ್ದರು. ಉರಿಯಲಿಲ್ಲ. ವಿಚಾರಣೆಯ ದಿನ ಸತ್ತ ಯುವಕನ ತಾಯಿ ಕರಿ ಬಟ್ಟೆಯಲ್ಲಿ ಬಂದು, ಕಟಕಟೆಯಲ್ಲಿ ನಿಂತ ಸಫಾನನ್ನು ಕಣ್ಣು ತೆಗೆಯದೆ ನೋಡಿದಳು. ಹೊರಗೆ ಹೌರಾ ಎದುರಾದಾಗ ನಾವೆಲ್ಲ ಉಸಿರು ಬಿಗಿಹಿಡಿದೆವು.

ಆಕೆ ಹುಡುಗಿಯ ಜಾರಿದ ತಲೆವಸ್ತ್ರವನ್ನು ಸರಿಮಾಡಿದಳು.

“ನನ್ನ ಮಗನ್ನ ಕೊಂದೋನ ಮುಖ ನೋಡಬೇಕಿತ್ತು ನನಗೆ. ಒಲೆ ಮುಂದೆ ದಿನಾ ನಿನ್ನ ಮುಖ ಅಲ್ಲ. ಮನೆಗೆ ಹೋಗು ಮಗಳೇ.”