ಖಾಲಿ ಕಡತ

ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ತೋರಿಸಲೆಂದು ತುಂಬುಬಸುರಿ ಅಭಿನಯಾ ತಮಿಳುನಾಡಿನ ಪೊಳ್ಳಾಚಿಯ ಮನೆಯಲ್ಲಿ ಬಟ್ಟೆಗೆ ಹುಣಸೆಬೀಜದ ಗಂಜಿ, ಇದ್ದಿಲಪುಡಿ ಬಳಿದು ಮಗ್ಗದ ಮೇಲೆ ಒಣಹಾಕಿದಳು. ಹಿಂದೆ ವರ್ತಕರು ಬಳಪದಿಂದ ಬರೆಯುತ್ತಿದ್ದ ಇಂಥ ಬಟ್ಟೆಯೇ ಕಡತ. ಕಚೇರಿಯ ಫೈಲಿಗೆ ಆ ಹೆಸರು ಬಂದದ್ದು ಇದರಿಂದಲೇ.

“ಮೊದಲು ನಮ್ಮನೆ ಹೆಸರು ಬರಿಯಮ್ಮಾ,” ಅಂದರು ಅತ್ತೆ ಕಾಮಾಕ್ಷಿಯಮ್ಮ. “ಖಾಲಿ ಬಿಟ್ಟರೆ ಸತ್ತ ವರ್ತಕರು ಬಂದು ತಮಗೆ ಬೇಕಾದ್ದು ಬರಕೊಂತಾರೆ.”

“ಇನ್ನೂ ಅವರ ವ್ಯಾಪಾರ ಮುಗೀಲಿಲ್ಲವಾ ಅತ್ತೆ?”

“ನಗು, ನಗು.”

ಊಟ ಮುಗಿಸಿ ಬರುವಷ್ಟರಲ್ಲಿ ಕಪ್ಪು ಬಟ್ಟೆಯ ಮೇಲೆ ಕನ್ನಡ ಅಕ್ಷರಗಳ ಒಂದು ಬಿಳಿ ಸಾಲು ಮೂಡಿತ್ತು. ಕನ್ನಡ ಆಡಿದರೂ ತಮಿಳಿನಲ್ಲೇ ಓದುಬರಹ ಕಲಿತ ಆ ಮನೆಯಲ್ಲಿ ಕನ್ನಡ ಓದಬಲ್ಲವರು ಯಾರೂ ಇರಲಿಲ್ಲ. ಬರಹವನ್ನು ಓದಿ ಹೇಳುವ ಆ್ಯಪ್ ತೆರೆದು ಅಭಿನಯಾ ಅದರ ಮುಂದೆ ಫೋನು ಹಿಡಿದಳು. ಮಗುವಿಗೆಂದು ಅವಳು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ, ಯಾರಿಗೂ ಹೇಳದ ಹೆಸರನ್ನು ಫೋನು ಗಟ್ಟಿಯಾಗಿ ಓದಿತು.

ಕರೆದವರತ್ತ ತಿರುಗುವಂತೆ ಮಗು ಹೊಟ್ಟೆಯೊಳಗೆ ನಿಧಾನವಾಗಿ ಹೊರಳಿತು.