ಹನ್ನೆರಡು ಗಂಟಿನ ಹುರಿ

ಭೀಮಶಿಯ ಎಡಗಾಲಿಗೆ ಹೆಬ್ಬೆರಳು ಇರಲಿಲ್ಲ. ಹೆಣದ ಎರಡೂ ಹೆಬ್ಬೆರಳು ಕೂಡಿಸಿ ಕಟ್ಟಲೆಂದು ದಾರ ಹಿಡಿದು ಕುಳಿತ ತಮ್ಮ ಮುತ್ತಣ್ಣನಿಗೆ ಸಿಕ್ಕಿದ್ದು ಒಂದೇ. ಅವನು ಒಂದು ಗಳಿಗೆ ದಾರವನ್ನೇ ನೋಡಿದ. ಆಮೇಲೆ ಎರಡೂ ಪಾದಗಳನ್ನು ಜೋಡಿಸಿ, ಕಾಲಗಿಣ್ಣಿನ ಮೇಲೆ ನಾಲ್ಕು ಸುತ್ತು ಸುತ್ತಿ ಬಿಗಿದ. ಉಣ್ಣೆ ಕತ್ತರಿಸುವಾಗ ಕುರಿಯ ಕಾಲು ಕಟ್ಟುತ್ತಾರಲ್ಲ, ಹಾಗೆ ಕಂಡಿತು.

ತಲೆಯ ಬಳಿ ಕುಳಿತಿದ್ದ ಸಿದ್ದಕ್ಕ ಗಂಡನ ಕಾಲಿನ ಕಡೆ ನೋಡಲಿಲ್ಲ.

ಎರಡು ಸಾವಿರದ ಹದಿಮೂರರ ಶ್ರಾವಣ. ಆಲಮಟ್ಟಿ ತುಂಬಿತ್ತು. ಹಿನ್ನೀರು ಗಲಗಲಿಯ ತಗ್ಗಿನ ಹೊಲಗಳಿಗೆ ನುಗ್ಗಿ, ಕುರುಬರು ಮಣ್ಣು ಕೊಡುವ ಜಾಗದ ಅರ್ಧ ಆಗಲೇ ಮುಳುಗಿತ್ತು. ಮುಂಜಾನೆ ತೋಡಿದ ಕುಣಿಯ ತಳದಲ್ಲಿ ನೀರು ಜಿನುಗುತ್ತಿದೆ, ಲಗೂನ ಎತ್ತದಿದ್ದರೆ ಕುಣಿ ಹೋಗಿ ಬಾವಿಯಾಗುತ್ತದೆ ಎಂದು ತೋಡಿದವರು ಎರಡು ಸಲ ಹೇಳಿಕಳಿಸಿದ್ದರು.

ಜಮಖಂಡಿಯಿಂದ ನಿವೃತ್ತ ಸುಬೇದಾರ ಕಾಮಣ್ಣ ಇನ್ನಿಬ್ಬರು ಮಾಜಿ ಸೈನಿಕರನ್ನು ಕರೆದುಕೊಂಡು ಟಂಟಂ ಆಟೋದಲ್ಲಿ ಬಂದಿದ್ದ. ಹೂವಿನ ದೊಡ್ಡ ಚಕ್ರವೊಂದನ್ನು ತಂದಿದ್ದ. ಅದರ ಬಿಳಿ ಪಟ್ಟಿಯ ಮೇಲೆ ‘ಗಡಿ ಕಾಯ್ದ ವೀರನಿಗೆ’ ಎಂದು ಬರೆದಿತ್ತು. ಮುತ್ತಣ್ಣ ಅದನ್ನು ಎಲ್ಲರಿಗೂ ಕಾಣುವಂತೆ ಕಟ್ಟೆಗೆ ಆನಿಸಿ, ಫೋಟೋ ತೆಗೆಸಿದ್ದ.

ಹೆಣಕ್ಕೆ ಕರಿ ಕಂಬಳಿ ಸುತ್ತಿ, ಎದೆಯ ಮೇಲೆ ಭೀಮಶಿಯ ಹುರಿ ಇಟ್ಟರು. ಕರಿ ಉಣ್ಣೆಯದು, ಮೊಳದುದ್ದ, ಗಂಟು ಗಂಟು. ಕುರುಬನ ಹುರಿ ಕುರುಬನ ಜೊತೆಗೇ ಹೋಗಬೇಕು. ಇನ್ನೇನು ಎತ್ತಬೇಕು ಎನ್ನುವಷ್ಟರಲ್ಲಿ ತಂಗೆವ್ವ ಬಂದಳು.

ತಂಗೆವ್ವ ಬನಹಟ್ಟಿಯ ನೇಕಾರ ಮನೆತನದವಳು, ಎಪ್ಪತ್ತರ ಹತ್ತಿರ. ಅವಳ ಮಗ ರಾಜಕುಮಾರ ಹಿಮದ ಕಣಿವೆಯೊಂದರ ಚೌಕಿಯಲ್ಲಿ ಹವಾಲ್ದಾರ ಭೀಮಶಿಯ ಕೈಕೆಳಗಿದ್ದ. ತೊಂಬತ್ತೊಂಬತ್ತರ ಜನವರಿಯಲ್ಲಿ ಕಾಣೆಯಾದ. ಹೇಳದೆ ಕೇಳದೆ ಚೌಕಿ ಬಿಟ್ಟು ಓಡಿದ್ದಾನೆಂದು ಮನೆಗೆ ಕಾಗದ ಬಂತು. ಪೊಲೀಸರು ಎರಡು ಸಲ ಬಂದು, ಮಗ್ಗದ ಕುಣಿಯೊಳಗೂ ಬ್ಯಾಟರಿ ಬಿಟ್ಟು ಹುಡುಕಿದರು. ಅಂದಿನಿಂದ ಆ ಓಣಿಯಲ್ಲಿ ಅದು ಓಡಿಹೋದವನ ಮನೆ.

ಭೀಮಶಿ ಊರಿಗೆ ಬಂದ ಮೇಲೆ ಆಕೆ ಪ್ರತಿ ಯುಗಾದಿಯ ಮರುದಿನ ಗಲಗಲಿಗೆ ಬಂದು ಒಂದೇ ಮಾತು ಕೇಳುತ್ತಿದ್ದಳು. ಅವನೂ ಒಂದೇ ಮಾತು ಹೇಳುತ್ತಿದ್ದ, ನನಗೆ ಹೇಳಿ ಹೋಗಲಿಲ್ಲ ಎಂದು. ಆ ದಿನ ಅವನು ಉಣ್ಣುತ್ತಿರಲಿಲ್ಲ.

ಈಗ ಆಕೆ ಅಳಲಿಲ್ಲ. ಹೆಣದ ಕಡೆ ಒಮ್ಮೆ ನೋಡಿ, ಹೊಸ್ತಿಲ ಮೇಲೆ ಅಡ್ಡ ಕುಳಿತು ಕಾಲು ಚಾಚಿದಳು.

“ಅಂವ ಇರೂತನಕ ಬಾಯಿ ಬಿಡಲಿಲ್ಲ,” ಅಂದಳು. “ಇನ್ನ ಯಾರರ ಹೇಳ್ರಿ. ನನ್ನ ಮಗ ಓಡಿ ಹೋದನೋ, ಸತ್ತನೋ? ಹೇಳಿ ಆಮ್ಯಾಲ ಎತ್ತರಿ.”

“ಹೆಣದ ಮುಂದ ಜಗಳ ತಗೀಬ್ಯಾಡ ಬೇ ಯವ್ವಾ,” ಅಂದ ಮುತ್ತಣ್ಣ. “ಕುಣ್ಯಾಗ ನೀರು ಏರಾಕತ್ತೈತಿ.”

“ಏರಲಿ. ನನಗ ಹದಿನಾಕ ವರ್ಷದಿಂದ ಕುತಗಿಮಟ ಐತಿ.”

ಮುದುಕಿಯ ಮೈ ಮುಟ್ಟಿ ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ಹೆಣ ಒಯ್ಯಬೇಕೆಂದರೆ ಇನ್ನು ಹಿತ್ತಲ ಗ್ವಾಡಿಯನ್ನೇ ಒಡೆಯಬೇಕು ಎಂದು ಹಿಂದಿನಿಂದ ಯಾರೋ ಗೊಣಗಿದರು. ಒಬ್ಬಿಬ್ಬರು ನಕ್ಕು ಬಾಯಿ ಮುಚ್ಚಿಕೊಂಡರು.

*

ರಜೆಗೆ ಬಂದಾಗಲೆಲ್ಲ ಭೀಮಶಿ ಹೆಂಡತಿಗೆ ಚೌಕಿಯ ಕತೆ ಹೇಳುತ್ತಿದ್ದ. ಹಿಂದೆ ಆ ಕಣಿವೆಯಲ್ಲಿ ಉಪ್ಪು ಹೊತ್ತವರು ಓಡಾಡುತ್ತಿದ್ದರಂತೆ. ಅರವತ್ತೆರಡರ ಯುದ್ಧ ಮುಗಿದ ಮರುವರ್ಷ ಅಲ್ಲೊಂದು ತಗ್ಗು ತೋಡಿ, ತಾಡಪತ್ರಿ ಹೊದಿಸಿ, ಎಂಟು ಜನರನ್ನು ಇಟ್ಟರು. ಆಮೇಲೆ ಸೊಂಟದೆತ್ತರ ಕಲ್ಲಿನ ಗೋಡೆ ಬಂತು, ಎಷ್ಟೋ ವರ್ಷಕ್ಕೆ ತಗಡು ಬಂತು. ವರ್ಷದಲ್ಲಿ ನಾಲ್ಕು ತಿಂಗಳು ಹೇಸರಗತ್ತೆ ಹತ್ತುತ್ತಿದ್ದವು. ಉಳಿದ ಎಂಟು ತಿಂಗಳು ಕೆಳಗಿನ ಕ್ಯಾಂಪಿಗೂ ಚೌಕಿಗೂ ನಡುವೆ ಇದ್ದದ್ದು ಒಂದು ಫೋನಿನ ತಂತಿ. ಆ ಕಡೆಯಿಂದ ಯಾರು ಬರುತ್ತಿದ್ದರು ಎಂದು ಸಿದ್ದಕ್ಕ ಕೇಳಿದ್ದಳು. ಒಮ್ಮೆ ಎರಡು ಚಮರೀಮೃಗ ಬಂದಿದ್ದವು, ಅವೂ ಹೊಳ್ಳಿ ಹೋದವು ಅಂದಿದ್ದ.

ಪಾಳಿ ಬದಲಾಗುವಾಗ ಹಳೆಯ ಹವಾಲ್ದಾರ ಹೊಸಬನಿಗೆ ಬಂದೂಕು, ಸೀಮೆಎಣ್ಣೆ, ದುರ್ಬೀನು ಎಣಿಸಿ ಕೊಡುತ್ತಿದ್ದ. ಕೊನೆಗೆ ಬಾಗಿಲ ಮುಂದೆ ನಿಲ್ಲಿಸಿ ಅಲ್ಲಿ ಸತ್ತವರ ಹೆಸರು ಹೇಳುತ್ತಿದ್ದ. ಅದಕ್ಕೆ ಕಾಗದವಿರಲಿಲ್ಲ. ಮೊದಲನೆಯವನು ಸೂರಿನ ತೊಲೆ ಹೊತ್ತು ಹತ್ತುವಾಗ ಉಸಿರು ನಿಂತು ಹೋದ. ಐದನೆಯವನು ಉಚ್ಚೆಗೆಂದು ಹೊರಗೆ ಹೋದವನು ಗಾಳಿಗೆ ಸಿಕ್ಕ. ಎಂಟನೆಯವನು ಇದ್ದಿಲ ಒಲೆಯ ಹೊಗೆಗೆ ಮಲಗಿದಲ್ಲೇ ಹೋದ. ಹೆಸರುಗಳು ತಲೆಯಲ್ಲಿ ನಿಲ್ಲುವುದಿಲ್ಲ ಎಂದು ಭೀಮಶಿ ಮನೆಯಿಂದ ಕರಿ ಉಣ್ಣೆ ಒಯ್ದು ಹುರಿ ಹೊಸೆದ.

ಅದು ಸಿದ್ದಕ್ಕನ ಅಪ್ಪ ಕಲಿಸಿದ ಲೆಕ್ಕ. ತೋಳ ಹಿಡಿದ ಕುರಿಗೆ, ರೋಗಕ್ಕೆ ಹೋದ ಕುರಿಗೆ ಒಂಟಿ ಗಂಟು. ತಾನಾಗಿ ತಪ್ಪಿಸಿಕೊಂಡ ಕುರಿಗೆ ಗಂಟಿಲ್ಲ, ಸಡಿಲ ಕುಣಿಕೆ. ಸಿಕ್ಕರೆ ಬಿಚ್ಚಬಹುದು. ಕುರುಬ ತಾನೇ ಕಿವಿ ಹಿಡಿದು ಬೀರೇಶ್ವರನ ಮುಂದೆ ಬಲಿಗೆ ಒಯ್ದು ಬಿಟ್ಟ ಕುರಿಗೆ ಜೋಡಿ ಗಂಟು.

*

ಎರಡು ಸಾವಿರದಲ್ಲಿ ನೌಕರಿ ಮುಗಿಸಿ, ತಗಡಿನ ಪೆಟ್ಟಿಗೆಯೊಂದಿಗೆ ಭೀಮಶಿ ಪೂರ್ತಿ ಮನೆಗೆ ಬಂದ. ಬೆರಳು ಹಿಂದಿನ ವರ್ಷದ ಜನವರಿಯಲ್ಲಿ ಹೋಗಿತ್ತು. ಮೂರು ದಿನ ಹಿಮದಲ್ಲಿ ತಿರುಗಿದೆ ಅಂದ. ಏನು ಹುಡುಕುತ್ತ ತಿರುಗಿದೆ ಎಂದು ಹೇಳಲಿಲ್ಲ. ಅವನು ಜಳಕಕ್ಕೆ ಹೋದಾಗ ಸಿದ್ದಕ್ಕ ಗೂಟಕ್ಕೆ ತೂಗಿದ್ದ ಹುರಿಯನ್ನು ತೆಗೆದು ಬೆರಳಾಡಿಸಿದಳು. ಹನ್ನೊಂದು ಒಂಟಿ ಗಂಟು. ತುದಿಯಲ್ಲಿ ಒಂದು ಜೋಡಿ ಗಂಟು. ಕುಣಿಕೆ ಒಂದೂ ಇಲ್ಲ.

ಹುರಿಯನ್ನು ಇದ್ದಲ್ಲೇ ತೂಗಿ, ರೊಟ್ಟಿ ಬಡಿಯಲು ಕುಳಿತಳು. ಆಮೇಲೆ ತಂಗೆವ್ವ ಬಂದಾಗಲೆಲ್ಲ ಚಹ ಮಾಡಿ ಕೊಟ್ಟದ್ದು ಅವಳೇ.

*

ಮುತ್ತಣ್ಣ ಬಾಗಿ ಸಿದ್ದಕ್ಕನ ಕಿವಿಯ ಹತ್ತಿರ ಬಂದ. ಓಡಿಹೋದ ಎಂದು ಒಂದು ಮಾತು ಹೇಳಿಬಿಡು, ಮುದುಕಿ ಏಳುತ್ತಾಳೆ ಅಂದ. ಅಣ್ಣನ ಹೆಸರಿಗೆ ಏನಾದರೂ ಹತ್ತಿತೋ, ಆ ಹೂವು ಬಂದ ಟಂಟಂನಲ್ಲೇ ಹೊಳ್ಳಿ ಹೋಗುತ್ತದೆ ಅಂದ. ಅಷ್ಟರಲ್ಲಿ ಕುಣಿಯಿಂದ ಮೂರನೇ ಸಲ ಹೇಳಿಕೆ ಬಂತು. ನೀರು ಮೊಣಕಾಲುಮಟ್ಟ.

ಸಿದ್ದಕ್ಕ ಎದ್ದು, ಗಂಡನ ಎದೆಯ ಮೇಲಿನ ಹುರಿಯನ್ನು ತೆಗೆದುಕೊಂಡು ಹೊಸ್ತಿಲಿಗೆ ಬಂದಳು. ತಂಗೆವ್ವನ ಎದುರು ಕುಳಿತಳು.

“ಕುರಿ ತಾನಾಗಿ ಹೋದರ ನಾವು ಕುಣಿಕಿ ಹಾಕತೀವಿ, ಯಕ್ಕಾ. ಸತ್ತರ ಗಂಟು. ಚೌಕ್ಯಾಗ ಹ್ವಾದವರ ಲೆಕ್ಕ ಇದು. ಇದರಾಗ ಕುಣಿಕಿ ಇಲ್ಲ. ನಿನ್ನ ಮಗ ಓಡಿ ಹೋಗಲಿಲ್ಲ. ಸತ್ತಾನ.”

ಅಷ್ಟು ಸಾಕು ಎಂದುಕೊಂಡಿದ್ದಳು. ಮಗನ ಹೆಸರು ತಾಯಿಗೆ, ಗಂಡನ ಹೆಸರು ತನಗೆ.

ತಂಗೆವ್ವ ಹುರಿಯನ್ನು ಕೈಗೆ ತೆಗೆದುಕೊಂಡಳು. ಐವತ್ತು ವರ್ಷ ಹರಿದ ಎಳೆ ಕೂಡಿಸಿದ ಬೆರಳು ಅವು. ಕಣ್ಣು ಹೊರಗೆಲ್ಲೋ ಇತ್ತು, ಬೆರಳು ಮಾತ್ರ ಒಂದೊಂದೇ ಗಂಟು ದಾಟುತ್ತ ಹೋಯಿತು. ತುದಿಗೆ ಬಂದು ನಿಂತಿತು. ಹಿಂದಿನ ಗಂಟಿಗೆ ಹೋಗಿ, ಮತ್ತೆ ತುದಿಗೆ ಬಂತು.

“ಇದು ಬ್ಯಾರೆ ಐತಿ.”

“ಕಡೀ ಗಂಟು. ಹುರಿ ಬಿಚ್ಚಬಾರದಂತ ಬಿಗಿ ಮಾಡಿದ್ದಾನು,” ಅಂದ ಮುತ್ತಣ್ಣ.

“ನಾ ನಿನ್ನ ಕೇಳಲಿಲ್ಲ.”

ಸಿದ್ದಕ್ಕ ಹೂವಿನ ಚಕ್ರದ ಕಡೆ ನೋಡಿದಳು, ಕಂಬಳಿಯ ಕಡೆ ನೋಡಿದಳು.

“ಅದು ಕುರುಬ ತಾನ ಕೈಯಾರೆ ಕಳಿಸಿದ್ದಕ್ಕ ಹಾಕೂ ಗಂಟು,” ಅಂದಳು. “ಇವರ ಕಳಿಸ್ಯಾರ. ಯಾಕ ಕಳಿಸಿದರಂತ ಹುರಿ ಹೇಳೂದಿಲ್ಲ. ನಾ ಕೇಳಲೂ ಇಲ್ಲ.”

ಕಾಮಣ್ಣ ಟೋಪಿ ತೆಗೆದು ಕೈಯಲ್ಲಿ ಹಿಡಿದ. ರಾಜಕುಮಾರ ಕಾಣೆಯಾದ ಚಳಿಗಾಲ ಅವನು ಕೆಳಗಿನ ಕ್ಯಾಂಪಿನಲ್ಲಿ ಫೋನಿನ ಮುಂದೆ ಇದ್ದವನು. ಹಿಮ ಬಿದ್ದಾಗ ಯಾರನ್ನೂ ಕೆಳಗಿಳಿಸಬಾರದೆಂದು ಆಜ್ಞೆಯಿತ್ತು ಎಂದು, ತಂತಿ ಹರಿದು ಮೂರು ದಿನವಾಗಿತ್ತು ಎಂದು ನೆಲ ನೋಡುತ್ತ ಹೇಳಿದ.

“ನಾಕನೇ ದಿನ ಮುಂಜಾನೆ ಹತ್ತಕ್ಕ ಫೋನ್ ಚಾಲೂ ಆತು. ಜೋಡಸಾಕ ಇಳದಾಂವ ನಿನ್ನ ಮಗ. ಓಡಿ ಹೋಗಾಂವ ತಂತಿ ಜೋಡಿಸಿ ಹೋಗೂದಿಲ್ಲ. ನನಗ ಅವತ್ತ ತಿಳಿದಿತ್ತು.”

“ತಿಳಿದು?”

“ಓಡಿ ಹೋದ ಅಂತ ಭೀಮಶಿ ಹೇಳಿದ್ದರ ಕೆಳಗ ನಾನೂ ಸಹಿ ಮಾಡಿದೆ, ಯವ್ವಾ.”

ತಂಗೆವ್ವ ಅವನ ಕಡೆ ತಿರುಗಿದಳು.

“ಹಂಗಾದ್ರ ಈಗೂ ಮಾಡು. ಬರದು ಕೊಡು.”

ಕಾಮಣ್ಣ ಕಿಸೆಯ ಡೈರಿಯಿಂದ ಎರಡು ಹಾಳೆ ಹರಿದು, ಕಟ್ಟೆಯ ಮೇಲಿಟ್ಟು ಬರೆದ. ಓದಿ ಹೇಳಿ ಸಹಿ ಮಾಡಿದ. ಸಾಕ್ಷಿಗೆ ಹೆಬ್ಬೆಟ್ಟೊತ್ತಲು ಮಸಿ ಇರಲಿಲ್ಲ. ಸಿದ್ದಕ್ಕ ಕಂದೀಲಿನ ಬುರುಡೆಯ ಕಾಡಿಗೆಗೆ ಬೆರಳು ತಿಕ್ಕಿ ಒತ್ತಿದಳು. ಮುತ್ತಣ್ಣ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದ.

ಹಾಳೆಗಳನ್ನು ಮಡಿಚಿ ಸೆರಗಿಗೆ ಕಟ್ಟಿದ ತಂಗೆವ್ವ ಇನ್ನೂ ಹುರಿ ಬಿಟ್ಟಿರಲಿಲ್ಲ. ಹುರಿ ಹೆಣದ ಜೊತೆ ಹೋಗಬೇಕು ಎಂದು ಹಿರಿಯನೊಬ್ಬ ಹೇಳಿದ. ಸಿದ್ದಕ್ಕ ಒಳಗೆ ಹೋಗಿ ಉಣ್ಣೆಯ ಕತ್ತರಿ ತಂದಳು. ಹನ್ನೊಂದನೆಯ ಗಂಟಿನ ಆಚೆ ಇಟ್ಟು ಕತ್ತರಿಸಿದಳು. ಬೆರಳುದ್ದದ ತುಂಡು ತಂಗೆವ್ವನ ಅಂಗೈಯಲ್ಲಿ ಉಳಿಯಿತು. ಆಕೆ ಮುಷ್ಟಿ ಕಟ್ಟಿ, ಕಾಲು ಮಡಿಚಿಕೊಂಡಳು.

ಹೆಣ ಹೊಸ್ತಿಲು ದಾಟಿತು. ಹೂವಿನ ಚಕ್ರವನ್ನು ಕಾಮಣ್ಣ ತಾನೇ ಎತ್ತಿ ಟಂಟಂನ ಹಿಂದಿನ ಸೀಟಿಗೆ ಇಟ್ಟ, ಬರಹದ ಮುಖ ಕೆಳಗೆ ಮಾಡಿ.

ಕುಣಿಯಲ್ಲಿ ನೀರು ತೊಡೆಮಟ್ಟ ಬಂದಿತ್ತು. ಬಕೆಟ್ಟಿನಿಂದ ಎಷ್ಟು ಎತ್ತಿ ಚೆಲ್ಲಿದರೂ ಅಷ್ಟೇ ಬರುತ್ತಿತ್ತು. ಕೊನೆಗೆ ಹಾಗೇ ಇಳಿಸಿದರು. ಕಂಬಳಿ ನೀರು ಕುಡಿದು ತಳಕ್ಕೆ ಹೋಯಿತು. ಎದೆಯ ಮೇಲಿಟ್ಟಿದ್ದ ಹುರಿ ಮಾತ್ರ ಮೇಲೆ ಬಂದು ತೇಲಿತು. ಮುತ್ತಣ್ಣ ಸಲಿಕೆಯ ಹಿಂಬದಿಯಿಂದ ಎರಡು ಸಲ ಒತ್ತಿದ. ಎರಡು ಸಲವೂ ಎದ್ದಿತು. ಮೂರನೇ ಸಲ ಅದರ ಮೇಲೆ ಮಣ್ಣು ಎಳೆದರು.

ಕಣಿವೆಯ ಆ ಚೌಕಿಯನ್ನು ಎರಡು ಸಾವಿರದ ಐದರಲ್ಲೇ ಮುಚ್ಚಿದ್ದರು. ನಲವತ್ತೆರಡು ವರ್ಷದಲ್ಲಿ ಆ ಕಡೆಯಿಂದ ಒಬ್ಬ ಶತ್ರುವೂ ಬಂದಿರಲಿಲ್ಲ. ಹೋದದ್ದು ಇಷ್ಟು: ಹನ್ನೆರಡು ಜನ, ಒಂದು ಹೆಬ್ಬೆರಳು.